ಕಾಲಿಗೆ ಕಟ್ಟಿದ ಹುಟ್ಟು: ಫಿನ್ಸ್ ನಡೆದು ಬಂದ ದಾರಿ, ನಮ್ಮ ನೀರಿಗೆ ಯಾವುದು ಸರಿ

ಕಾರವಾರದಿಂದ ಕಾಳಿ ನದಿ ದಾಟಿ ಗೋವಾ ಕಡೆ ಹೊರಟರೆ ಮೊದಲು ಎದುರಾಗುವುದು ಸದಾಶಿವಗಡದ ಗುಡ್ಡ. ಅದರ ಸುತ್ತಲಿನ ಊರೇ ಚಿತ್ತಾಕುಲ. ಹೆಸರು ಬಹಳ ಹಳೆಯದು. 16ನೇ ಶತಮಾನದ ಪೋರ್ಚುಗೀಸರು ಇದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಸಿಂತಾಕೊರಾ’ ಎಂದು ಬರೆದರು. ಮುಂದೆ ಸೋದೆಯ ಅರಸ ಬಸವಲಿಂಗ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆಯ ಹೆಸರಿಟ್ಟ. ಅಲ್ಲಿಂದ ಸದಾಶಿವಗಡ ಎಂಬ ಹೆಸರು ಬಂತು.

ಈ ಊರಿಗೆ ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ಎರಡೂ ಸೇರುವಲ್ಲಿ ಅಳಿವೆ. ಇಲ್ಲಿಯ ಮಕ್ಕಳಿಗೆ ಈಜು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ತಾನಾಗಿ ಬರುತ್ತದೆ. ಕಾರವಾರ, ಅಂಕೋಲಾ ಕಡೆಯ ಹುಡುಗರಿಗೆ ಈಗ ಈಜಿನಿಂದ ಹೊಸ ಕೆಲಸದ ದಾರಿಯೂ ತೆರೆದಿದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ, ಗೋವಾ, ಮಹಾರಾಷ್ಟ್ರದ ಮಾಲ್ವಣ, ಎಲ್ಲ ಕಡೆ ಸ್ಕೂಬಾ ಡೈವಿಂಗ್ ನಡೆಯುತ್ತದೆ. ದೋಣಿ ನಡೆಸುವವರು, ಸಿಲಿಂಡರ್ ಎತ್ತಿ ಕೊಡುವವರು, ಪ್ರವಾಸಿಗರ ಜೊತೆ ನೀರಿಗಿಳಿಯುವವರು ಎಲ್ಲರೂ ಬೇಕು.

ಆ ಕೆಲಸಕ್ಕೆ ಹೊರಟವರು ಸ್ವಂತ ದುಡ್ಡಿನಲ್ಲಿ ಮೊದಲು ಕೊಳ್ಳುವ ಸಾಮಾನುಗಳಲ್ಲಿ ಒಂದು ಫಿನ್ಸ್. ಬಾತುಕೋಳಿಯ ಪಾದದಂತೆ ಅಗಲವಾಗಿ ಕಾಲಿಗೆ ಹಾಕಿಕೊಳ್ಳುವ ಆ ರಬ್ಬರ್ ಅಥವಾ ಪ್ಲಾಸ್ಟಿಕ್ ಅಲಗು. ಮೊಬೈಲಿನಲ್ಲಿ ಹುಡುಕಿದರೆ ನೂರು ಬಗೆ ಕಾಣಿಸುತ್ತದೆ. ಉದ್ದದ್ದು, ಗಿಡ್ಡದ್ದು, ನಡುವೆ ಸೀಳಿದ್ದು, ತೂತಿರುವುದು, ಹಿಮ್ಮಡಿ ಮುಚ್ಚುವುದು, ಹಿಮ್ಮಡಿ ತೆರೆದದ್ದು. ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವರು ದುಬಾರಿಯದನ್ನು ತೋರಿಸುತ್ತಾರೆ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಫಿನ್ಸನ್ನು ಯಾವ ನೀರಿಗೆ, ಯಾವ ಕೆಲಸಕ್ಕೆ ಮಾಡಿದರು? ಒಂದೊಂದು ಬಗೆಯ ಫಿನ್ಸ್ ಹುಟ್ಟಿದ್ದು ಒಂದೊಂದು ಅಗತ್ಯಕ್ಕೆ. ಆ ಕಥೆ ತಿಳಿದರೆ ನಮ್ಮ ನೀರಿಗೆ, ನಮ್ಮ ಕಾಲಿಗೆ ಯಾವುದು ಹೊಂದುತ್ತದೆ ಎಂದು ನಾವೇ ಹೇಳಬಹುದು.

ಫಿನ್ಸ್ ಬೇಡದ ಮುಳುಗು

ಮನುಷ್ಯ ನೀರಿನಲ್ಲಿ ಮುಳುಗಲು ಕಲಿತದ್ದು ಫಿನ್ಸ್ ಬರುವುದಕ್ಕೆ ಸಾವಿರಾರು ವರ್ಷ ಮೊದಲು. ನಮ್ಮ ಕರಾವಳಿಯಲ್ಲಿ ಬಂಡೆಗೆ ಅಂಟಿದ ನೀಲಿಕಲ್ಲು ಕೀಳುವವರು ಬರಿಗಾಲಲ್ಲೇ ಇಳಿಯುತ್ತಾರೆ. ಕೆಲಸ ಬಂಡೆಯ ಬುಡದಲ್ಲೇ, ಆಳವೂ ಕಡಿಮೆ. ಒಂದು ಕೈ ಬಂಡೆ ಹಿಡಿದಿರುತ್ತದೆ, ಇನ್ನೊಂದು ಕೈ ಚಿಪ್ಪು ಕೀಳುತ್ತದೆ. ದೂರ ಹೋಗುವ ಪ್ರಮೇಯವೇ ಇಲ್ಲ.

ತಮಿಳುನಾಡಿನ ತೂತ್ತುಕುಡಿ ಕಡೆ, ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದವರು ಇನ್ನೂ ಆಳಕ್ಕೆ ಹೋಗುತ್ತಿದ್ದರು. ಅವರಿಗೂ ಫಿನ್ಸ್ ಇರಲಿಲ್ಲ. ಹಗ್ಗಕ್ಕೆ ಕಟ್ಟಿದ ಭಾರದ ಕಲ್ಲಿನ ಮೇಲೆ ಕಾಲಿಟ್ಟು ಸರ್ರನೆ ಕೆಳಗಿಳಿಯುತ್ತಿದ್ದರು. ಉಸಿರು ಮುಗಿಯುತ್ತ ಬಂದಾಗ ಹಗ್ಗ ಎಳೆದು ಸೂಚನೆ ಕೊಡುತ್ತಿದ್ದರು, ದೋಣಿಯಲ್ಲಿದ್ದವರು ಮೇಲಕ್ಕೆ ಎಳೆಯುತ್ತಿದ್ದರು. ಇಳಿಸುವುದು ಕಲ್ಲು, ಏರಿಸುವುದು ಹಗ್ಗ. ಕಾಲಿಗೆ ಹೆಚ್ಚು ಕೆಲಸವಿಲ್ಲ.

ಹಾಗಾದರೆ ಫಿನ್ಸ್ ಬೇಕಾದದ್ದು ಯಾವಾಗ? ನೀರಿನೊಳಗೆ ಮೇಲೆ ಕೆಳಗೆ ಮಾತ್ರವಲ್ಲ, ಮುಂದೆಯೂ ಹೋಗಬೇಕಾದಾಗ. ದೋಣಿಗೆ ಹುಟ್ಟು ಬೇಕಾದ ಹಾಗೆ.

ಹುಟ್ಟು ಹಾಕಿದವರಿಗೆ ಇದರ ಲೆಕ್ಕ ಗೊತ್ತು. ಬರೀ ಕೋಲಿನಿಂದ ನೀರು ತಳ್ಳಿದರೆ ದೋಣಿ ಮುಂದೆ ಹೋಗುವುದಿಲ್ಲ, ಅಲಗು ಅಗಲ ಇರಬೇಕು. ಆದರೆ ಅಲಗು ಅತಿ ಅಗಲವಾದರೆ ನಾಲ್ಕು ಸಲ ಎಳೆಯುವಷ್ಟರಲ್ಲಿ ರಟ್ಟೆ ಸೋಲುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಾಗಾಗಿ ಅಲಗಿನ ಅಗಲ, ಗಡಸುತನ ಚೂರು ಹೆಚ್ಚಾದರೂ ಮೈಗೆ ತಿಳಿಯುತ್ತದೆ. ಫಿನ್ಸಿನ ಇಡೀ ಚರಿತ್ರೆ ನಡೆದದ್ದು ಈ ಒಂದು ತೂಗಾಟದ ಸುತ್ತ: ಎಷ್ಟು ತಳ್ಳಬೇಕು, ಕಾಲು ಎಷ್ಟು ತಡೆದುಕೊಳ್ಳುತ್ತದೆ.

ಕೈಗೆ ಹಲಗೆ ಕಟ್ಟಿದ ಹುಡುಗ

ಇಟಲಿಯ ಲಿಯೊನಾರ್ಡೊ ದ ವಿಂಚಿ ಕಪ್ಪೆಯ ಪಾದದಂತೆ ಬೆರಳುಗಳ ನಡುವೆ ಪೊರೆ ಇರುವ ಕೈಗವಸಿನ ಚಿತ್ರ ಬರೆದಿದ್ದ. ಇಟಲಿಯವನೇ ಆದ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ಬರೆದ ಪುಸ್ತಕ 1680ರಲ್ಲಿ ಬಂತು. ಅದರಲ್ಲಿ ಪಂಜಿನಂಥ ಪಾದ ತೊಟ್ಟ ಮುಳುಗುಗಾರನ ಚಿತ್ರವಿದೆ. ಇವೆಲ್ಲ ಕಾಗದದ ಮೇಲೇ ಉಳಿದವು.

ಕೈಯಾರೆ ಮಾಡಿ ನೋಡಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನ ಪ್ರಯೋಗದಿಂದ ಶಾಲೆಯ ಪಾಠಗಳಲ್ಲಿ ನಾವೆಲ್ಲ ಓದಿದ ಹೆಸರು. ಹುಡುಗನಾಗಿದ್ದಾಗ ಆತ ಸುಮಾರು 10 ಅಂಗುಲ ಉದ್ದ, 6 ಅಂಗುಲ ಅಗಲದ ಎರಡು ಮರದ ಹಲಗೆ ಮಾಡಿಕೊಂಡ. ಹೆಬ್ಬೆರಳು ತೂರಿಸಲು ಒಂದೊಂದು ತೂತು. ಅವನ್ನು ಅಂಗೈಗೆ ಹಿಡಿದು ಈಜಿದ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ನೋಯತೊಡಗಿತು. ಪಾದಕ್ಕೂ ಚಪ್ಪಲಿಯಂಥದ್ದು ಕಟ್ಟಿ ನೋಡಿದ. ಅದು ಅವನಿಗೆ ಹಿಡಿಸಲಿಲ್ಲ. ಕಾರಣವನ್ನೂ ಮುಂದೆ ಪತ್ರದಲ್ಲಿ ವಿವರಿಸಿದ: ಈಜುವಾಗ ಒದೆ ಬರುವುದು ಅಂಗಾಲಿನಿಂದ ಮಾತ್ರವಲ್ಲ, ಪಾದದ ಒಳಬದಿ ಮತ್ತು ಹರಡಿನಿಂದಲೂ ಬರುತ್ತದೆ.

ಅಂದರೆ ಅಲಗು ಇದ್ದರೆ ಸಾಲದು, ಅದು ಕಾಲು ಆಡುವ ರೀತಿಗೆ ಹೊಂದಬೇಕು. ಗಡಸು ಮರದ ಹಲಗೆ ಆ ಕೆಲಸಕ್ಕೆ ಬಾರದು, ಬಾಗುವ ವಸ್ತು ಬೇಕು. ಅದಕ್ಕೆ ರಬ್ಬರಿನ ಕಾಲ ಬರಬೇಕಾಯಿತು.

ಫ್ರಾನ್ಸಿನ ನೌಕಾಧಿಕಾರಿ, ಅಮೆರಿಕದ ಹಾಯಿಗಾರ

ಇಂದಿನ ಫಿನ್ಸಿನ ಮೂಲಪುರುಷ ಎಂದರೆ ಫ್ರಾನ್ಸ್ ನೌಕಾಪಡೆಯ ಅಧಿಕಾರಿ ಲೂಯಿ ದ ಕೋರ್ಲ್ಯೂ. 1914ರಲ್ಲೇ ಆತ ಮೊದಲ ಮಾದರಿಯನ್ನು ನೌಕಾಧಿಕಾರಿಗಳ ಮುಂದೆ ತೋರಿಸಿದ್ದ. ನೌಕಾಪಡೆ ಬಿಟ್ಟ ಮೇಲೂ ಅದರ ಹಿಂದೆಯೇ ಬಿದ್ದು 1933ರಲ್ಲಿ ಪೇಟೆಂಟ್ ಪಡೆದ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಓವೆನ್ ಚರ್ಚಿಲ್ ಎಂಬ ಹಾಯಿದೋಣಿ ಸ್ಪರ್ಧಿ ಇದ್ದ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವನು. ಪೆಸಿಫಿಕ್ ಸಾಗರದ ಟಹೀಟಿ ದ್ವೀಪದಲ್ಲಿ ಕಾಲಿಗೆ ಅಲಗು ಕಟ್ಟಿಕೊಂಡು ಈಜುವವರನ್ನು ಕಂಡು ಬೆರಗಾದ. ಊರಿಗೆ ಮರಳಿ ರಬ್ಬರಿನ ಫಿನ್ಸ್ ಮಾಡಿಸಿ 1940ರಲ್ಲಿ ಮಾರಾಟಕ್ಕಿಟ್ಟ. ಮೊದಲ ವರ್ಷ ಸಾವಿರ ಜೊತೆಯೂ ಹೋಗಲಿಲ್ಲ.

ಆಮೇಲೆ ಎರಡನೇ ಮಹಾಯುದ್ಧ ಜೋರಾಯಿತು. ಶತ್ರುವಿನ ದಡಕ್ಕೆ ಗುಟ್ಟಾಗಿ ಈಜಿ ಹೋಗಿ ಆಳ ಅಳೆಯಲು, ನೀರಿನಲ್ಲಿ ಹುಗಿದ ತಡೆಗಳನ್ನು ಸ್ಫೋಟಿಸಲು ಸೇನೆಗಳಿಗೆ ಈಜುಗಾರರು ಬೇಕಾದರು. ಕಾಲಿಗೆ ಫಿನ್ಸ್ ತೊಟ್ಟ ಅವರಿಗೆ ‘ಫ್ರಾಗ್‌ಮನ್’, ಅಂದರೆ ಕಪ್ಪೆ ಮನುಷ್ಯ ಎಂಬ ಹೆಸರು ಬಂತು. ಬ್ರಿಟನ್, ಅಮೆರಿಕ ಎರಡೂ ಚರ್ಚಿಲ್‌ನ ಫಿನ್ಸ್ ಕೊಂಡವು. ಸಮುದ್ರತೀರದ ಆಟಿಕೆಯಂತಿದ್ದ ವಸ್ತು ಸೈನಿಕರ ಸಲಕರಣೆಯಾಯಿತು.

ಉಸಿರು ಜೊತೆಗೆ ಬಂದಾಗ

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ‘ಆಕ್ವಾಲಂಗ್’ ರೂಪಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ಕೊಳವೆ, ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿ ಬಿಡುವ ಕವಾಟ. ಇಂದಿನ ಸ್ಕೂಬಾದ ತಾಯಿಬೇರು ಇದೇ.

ಇದರಿಂದ ಫಿನ್ಸಿನ ಕೆಲಸವೇ ಬದಲಾಯಿತು. ಉಸಿರು ಹಿಡಿದು ಮುಳುಗುವವನದು ಒಂದೆರಡು ನಿಮಿಷದ ಆಟ. ಸಿಲಿಂಡರ್ ಹೊತ್ತವನು ಮುಕ್ಕಾಲು ಗಂಟೆಯೂ ಕೆಳಗೆ ಇರಬಲ್ಲ. ಮೈಮೇಲೆ ಭಾರದ ಸಾಮಾನು ಬೇರೆ. ಕೈಗಳನ್ನು ಈಜಲು ಬಳಸುವಂತಿಲ್ಲ, ಉಪಕರಣ ನೋಡಿಕೊಳ್ಳಲು ಬೇಕು. ಹಾಗಾಗಿ ಹೋಗುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಕಾಲಿನ ಪಾಲಿಗೆ ಬಂತು. ಕಾಲು ದಣಿದರೆ ಉಸಿರು ಏರುತ್ತದೆ, ಉಸಿರು ಏರಿದರೆ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಸ್ಕೂಬಾದಲ್ಲಿ ಫಿನ್ಸ್ ಆರಿಸುವುದು ಗಾಳಿಯ ಲೆಕ್ಕವೂ ಹೌದು.

ಯುದ್ಧದಲ್ಲಿ ಒಬ್ಬನೇ ಈಜಿ ಹೋಗಿ ಶತ್ರು ಹಡಗುಗಳಿಗೆ ಸ್ಫೋಟಕ ಅಂಟಿಸಿ ಬಂದ ಇಟಲಿಯ ಲುಯಿಜಿ ಫೆರಾರೊ, ಯುದ್ಧ ಮುಗಿದ ಮೇಲೆ ಈಜು ಸಾಮಾನು ರೂಪಿಸುವ ಕೆಲಸಕ್ಕೆ ಇಳಿದ. 1950ರ ದಶಕದಲ್ಲಿ ಕ್ರೆಸ್ಸಿ ಕಂಪನಿಗೆ ‘ರೊಂದಿನೆ’ ಎಂಬ ಫಿನ್ಸ್ ಮಾಡಿಕೊಟ್ಟ. ಬೂಟಿನಂತೆ ಇಡೀ ಪಾದವನ್ನು, ಹಿಮ್ಮಡಿ ಸಮೇತ ಒಳಗೆ ಹಾಕುವ ವಿನ್ಯಾಸ. ಅಲಗು ಪಾದಕ್ಕೆ ನೇರವಾಗಿರದೆ ಸ್ವಲ್ಪ ಕೆಳಕ್ಕೆ ಓರೆಯಾಗಿತ್ತು. ಈಜುವಾಗ ಪಾದವನ್ನು ಪೂರಾ ನೀಳ ಚಾಚುವುದು ಕಷ್ಟ, ಆ ಕೊರತೆಯನ್ನು ಓರೆ ಅಲಗು ತುಂಬಿಕೊಡುತ್ತದೆ. ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಎಡವಿದ ತೊಡಕಿಗೆ ಸಿಕ್ಕ ಒಂದು ಒಳ್ಳೆಯ ಉತ್ತರ ಅದು.

ಅಲ್ಲಿಂದ ಫಿನ್ಸಿನಲ್ಲಿ ಎರಡು ಮನೆತನ. ಒಂದು, ಪಾದವನ್ನು ಪೂರ್ತಿ ಮುಚ್ಚುವ ‘ಫುಲ್ ಫುಟ್’. ಬರಿಗಾಲಿಗೆ ಹಾಕುವುದು, ಹಗುರ, ಬೆಚ್ಚಗಿನ ನೀರಿಗೆ ಸಾಕು. ಇನ್ನೊಂದು, ಹಿಮ್ಮಡಿ ತೆರೆದು ಪಟ್ಟಿ ಬಿಗಿಯುವ ‘ಓಪನ್ ಹೀಲ್’. ಒಳಗೆ ದಪ್ಪ ಬೂಟ್ ಹಾಕಿ ಮೇಲೆ ಇದನ್ನು ತೊಡಬೇಕು. ತಣ್ಣೀರಿನ ದೇಶದವರಿಗೆ, ಕಲ್ಲಿನ ದಡದಿಂದ ಇಳಿಯುವವರಿಗೆ ಇದೇ ಹೊಂದುತ್ತದೆ.

ತೂತು, ಸೀಳು, ಉದ್ದ

1964ರಲ್ಲಿ ಫ್ರಾನ್ಸಿನ ಮಾರ್ಸೇಲ್ ಊರಿನ ಜಾರ್ಜ್ ಬೂಷಾ ‘ಜೆಟ್ ಫಿನ್’ ತಂದ. ಗಿಡ್ಡ, ಅಗಲ, ದಪ್ಪ ರಬ್ಬರ್. ಅಲಗಿನಲ್ಲಿ ನೀರು ಹಾದುಹೋಗುವ ತೂತುಗಳು. ಕಾಲನ್ನು ಹಿಂದಕ್ಕೆ ತರುವಾಗ ತೂತಿನಿಂದ ನೀರು ಜಾರಿ ಭಾರ ಕಡಿಮೆಯಾಗಲಿ ಎಂಬುದು ಉದ್ದೇಶ. ಭಾರ ಹೊತ್ತು ಕೆಲಸ ಮಾಡುವ ನೌಕಾಪಡೆಯವರಿಗೆ, ವೃತ್ತಿ ಡೈವರ್‌ಗಳಿಗೆ ಇದು ಹಿಡಿಸಿತು. ಅರುವತ್ತು ವರ್ಷ ಕಳೆದರೂ ಅದೇ ಮಾದರಿ ಇಂದಿಗೂ ಮಾರಾಟದಲ್ಲಿದೆ. ಗಟ್ಟಿಮುಟ್ಟು, ಆದರೆ ತೂಕ ಹೆಚ್ಚು, ಕಾಲಿಗೆ ಬಲವೂ ಬೇಕು.

1990ರ ದಶಕದ ಕೊನೆಗೆ ನಡುವೆ ಸೀಳಿದ ಫಿನ್ಸ್ ಬಂದವು. ಮೀನಿನ ಬಾಲದಂತೆ ಎರಡು ಹೋಳು. ಮೆಲ್ಲಗೆ, ಚಿಕ್ಕದಾಗಿ, ಬೇಗ ಬೇಗ ಒದ್ದರೆ ಸಾಕು, ಮೊಣಕಾಲಿಗೆ ಹೊರೆ ಕಡಿಮೆ. ವಯಸ್ಸಾದವರಿಗೆ, ಮೊಣಕಾಲು ನೋವಿದ್ದವರಿಗೆ ಇದು ಹಿತ. ಆದರೆ ಹಿಂದಕ್ಕೆ ಸರಿಯಲು, ಇಕ್ಕಟ್ಟಿನಲ್ಲಿ ತಿರುಗಲು ಹಿಡಿತ ಸಿಗುವುದಿಲ್ಲ.

ಇನ್ನು ಮಾರುದ್ದದ ಫಿನ್ಸ್. ಇವು ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಆಳಕ್ಕೆ ಹೋಗುವವರಿಗೆ, ಈಟಿ ಬಂದೂಕಿನಿಂದ ಮೀನು ಹಿಡಿಯುವವರಿಗೆ. ನಿಧಾನವಾಗಿ ಒದ್ದು ತುಂಬ ದೂರ ಜಾರಿ ಹೋಗಲು ಮಾಡಿದವು. ವಿಡಿಯೋಗಳಲ್ಲಿ ನೋಡಲು ಬಹಳ ಚೆಂದ ಕಾಣುವುದೂ ಇವೇ. ಅದನ್ನು ನೋಡಿ ಸ್ಕೂಬಾಕ್ಕೆ ಕೊಂಡರೆ ದೋಣಿಯ ಏಣಿ ಹತ್ತುವಾಗ, ಹವಳದ ಬಂಡೆ ಸಂದಿನಲ್ಲಿ ತಿರುಗುವಾಗ ತೊಡಕು ಗೊತ್ತಾಗುತ್ತದೆ.

ನಮ್ಮ ಕಡಲಿಗೆ ಬಂದದ್ದು

ಕಾರವಾರದ ನೌಕಾನೆಲೆ ಐಎನ್ಎಸ್ ಕದಂಬ ಉದ್ಘಾಟನೆಯಾದದ್ದು 2005ರ ಮೇ 31ರಂದು. ನೌಕಾಪಡೆಯ ಡೈವರ್‌ಗಳೆಂದರೆ ಟಿವಿಯಲ್ಲಿ ನೋಡುವವರು ಎಂಬ ಭಾವನೆ ಆಮೇಲೆ ನಮ್ಮಲ್ಲಿ ಕಡಿಮೆಯಾಯಿತು. ಅದೇ ದಶಕದಿಂದ ಭಟ್ಕಳ ತಾಲೂಕಿನ ನೇತ್ರಾಣಿ ದ್ವೀಪ ಸ್ಕೂಬಾ ಜಾಗವಾಗಿ ಹೆಸರು ಮಾಡಿತು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಬಂದ್, ಮಳೆ ಮುಗಿದು ನೀರು ತಿಳಿಯಾದ ಮೇಲೆ ದೋಣಿಗಳು ಹೊರಡುತ್ತವೆ.

ನಮ್ಮ ಹಳ್ಳಿಗಳ ಮನೆಮನೆಗೆ ಆ ನೀರಿನ ಒಳಗನ್ನು ತೋರಿಸಿದ್ದು ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’. ಅವರು ತೀರಿಕೊಂಡು ಒಂದು ವರ್ಷವಾದಾಗ, 2022ರ ಅಕ್ಟೋಬರ್ 28ರಂದು ತೆರೆಕಂಡ ಸಾಕ್ಷ್ಯಚಿತ್ರ. ಅದರಲ್ಲಿ ನೇತ್ರಾಣಿಯ ಸ್ಕೂಬಾ ದೃಶ್ಯ ಇದೆ. ‘ಅಪ್ಪು ಇಳಿದ ಜಾಗ ನೋಡಬೇಕು’ ಎಂಬ ಆಸೆ ಎಷ್ಟೋ ಜನರಲ್ಲಿ ಹುಟ್ಟಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ನೇತ್ರಾಣಿಯ ತಳದಲ್ಲಿ ಇರುವುದು ಹವಳ. ಹವಳ ಕಲ್ಲಿನಂತೆ ಕಂಡರೂ ಜೀವ. ಬೆಳೆಯಲು ವರ್ಷಗಟ್ಟಲೆ ಬೇಕು, ಮುರಿಯಲು ಫಿನ್ಸಿನ ಒಂದು ಒದೆ ಸಾಕು. ಕಾಲಿಗೆ ಎರಡು ಅಡಿ ಅಲಗು ಸೇರಿದಾಗ ನಮ್ಮ ತುದಿ ಎಲ್ಲಿದೆ ಎಂಬುದು ಮರೆತುಹೋಗುತ್ತದೆ. ಉದ್ದದ ಅಲಗಿನಷ್ಟೂ ಹಾನಿ ಹೆಚ್ಚು.

ಮೂರು ಬಗೆಯ ನೀರು

ನಮ್ಮ ಜಿಲ್ಲೆಯ ನೀರು ಒಂದೇ ತೆರನದಲ್ಲ. ಫಿನ್ಸಿನ ಮಟ್ಟಿಗೆ ಮೂರು ಬಗೆ ಎನ್ನಬಹುದು.

ಮೊದಲನೆಯದು ನೇತ್ರಾಣಿಯಂಥ ದ್ವೀಪದ ತಿಳಿನೀರು. ಬೆಚ್ಚಗಿರುತ್ತದೆ. ದೋಣಿಯಿಂದಲೇ ನೀರಿಗೆ ಬೀಳುತ್ತಾರೆ, ದೋಣಿಗೇ ಹತ್ತುತ್ತಾರೆ, ಕಲ್ಲಿನ ಮೇಲೆ ನಡೆಯುವ ಮಾತಿಲ್ಲ. ಇಲ್ಲಿಗೆ ಮಧ್ಯಮ ಉದ್ದದ, ಹೆಚ್ಚು ಗಡಸಲ್ಲದ ಫುಲ್ ಫುಟ್ ಫಿನ್ಸ್ ಧಾರಾಳವಾಗಿ ಸಾಕು.

ಎರಡನೆಯದು ಅಳಿವೆ ಮತ್ತು ಕಲ್ಲುದಡ. ಚಿತ್ತಾಕುಲದ ಸುತ್ತ ಇರುವುದು ಹೆಚ್ಚಾಗಿ ಇದೇ. ಕಾಳಿಯ ನೀರಿನಲ್ಲಿ ಹೂಳು ಇರುತ್ತದೆ, ದಿನಕ್ಕೆರಡು ಸಲ ಉಬ್ಬರ ಇಳಿತ. ಬಂಡೆಗಳ ಮೇಲೆ ಕತ್ತಿಯಂಥ ಅಂಚಿನ ಚಿಪ್ಪುಗಳು. ಕಾರವಾರದ ಕಡಲಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಪಂಜರದಲ್ಲಿ ಮೀನು ಸಾಕುವ ಪ್ರಯೋಗ ಮಾಡಿದ್ದಾರೆ. ಅಂಥ ಪಂಜರದ ಬಲೆ ಹರಿದಿದೆಯೇ, ಪಾಚಿ ಚಿಪ್ಪು ಕಟ್ಟಿದೆಯೇ ಎಂದು ನೋಡಲೂ ಯಾರಾದರೂ ಮುಳುಗಲೇಬೇಕು. ಇಂಥ ಕಡೆ ಬೂಟ್ ಹಾಕಿ ತೊಡುವ ಓಪನ್ ಹೀಲ್ ಸರಿ. ಅಲಗು ಗಿಡ್ಡ ಇರಬೇಕು. ಉದ್ದ ಅಲಗಿನಿಂದ ಮೇಲೆ ಕೆಳಗೆ ಒದ್ದರೆ ತಳದ ಕೆಸರು ಎದ್ದು ಕೈಯೂ ಕಾಣದಂತಾಗುತ್ತದೆ. ಕಪ್ಪೆಯ ಹಾಗೆ ಕಾಲನ್ನು ಬದಿಗೆ ಅಗಲಿಸಿ ಕೂಡಿಸುವ ಒದೆ ಇಲ್ಲಿ ಒಳ್ಳೆಯದು. ಗಿಡ್ಡ, ಗಡಸು ಅಲಗು ಅದಕ್ಕೆ ಒಗ್ಗುತ್ತದೆ.

ಇನ್ನೊಂದು ಅಪಾಯ ಬಲೆ. ಕಡಲಲ್ಲಿ ಬಿಟ್ಟುಹೋದ ಹರಿದ ಬಲೆ, ಗಾಳದ ದಾರ ಎಲ್ಲಿ ಬೇಕಾದರೂ ಇರುತ್ತದೆ. ಫಿನ್ಸಿನ ಪಟ್ಟಿಯ ಕೊಕ್ಕೆ, ಹೊರಕ್ಕೆ ಚಾಚಿದ ಪಟ್ಟಿಯ ತುದಿ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರುವ ಫಿನ್ಸಿನಲ್ಲಿ ಈ ತೊಂದರೆ ಕಡಿಮೆ, ತೊಡುವುದೂ ಸುಲಭ. ಸಾದಾ ಪಟ್ಟಿಯಾದರೆ ತುದಿಯನ್ನು ಒಳಮುಖವಾಗಿ ಮಡಚಿಡಬೇಕು.

ಮೂರನೆಯದು ಮಳೆಗಾಲದ ಹೊಳೆ. ಇದಕ್ಕೆ ಯಾವ ಫಿನ್ಸ್ ಸರಿ ಎಂದರೆ ಉತ್ತರ: ಯಾವುದೂ ಅಲ್ಲ.

2024ರ ಮಳೆಗಾಲ ಕಲಿಸಿದ್ದು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಹಲವು ಜೀವ ಹೋದವು. ಕೇರಳದ ಚಾಲಕರೊಬ್ಬರು ಲಾರಿ ಸಮೇತ ಕಾಣೆಯಾದರು. ನೌಕಾಪಡೆಯ ಡೈವರ್‌ಗಳು ಬಂದರು. ಮಲ್ಪೆಯಿಂದ ಈಶ್ವರ್ ಮಲ್ಪೆ ತಮ್ಮ ತಂಡದೊಂದಿಗೆ ಬಂದು ನದಿಗಿಳಿದರು. ದೇಶವೇ ನೋಡುತ್ತಿತ್ತು. ‘ಇಷ್ಟು ಜನ ಡೈವರ್ ಇದ್ದಾರೆ, ಯಾಕೆ ಲಾರಿ ಸಿಗುತ್ತಿಲ್ಲ’ ಎಂದು ಚಹಾ ಅಂಗಡಿಗಳಲ್ಲಿ ಕೇಳುತ್ತಿದ್ದರು.

ಉತ್ತರ ನೀರಿನ ವೇಗದಲ್ಲಿತ್ತು. ನೀರಿನ ವೇಗವನ್ನು ನಾಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್, ನಾವು ಆರಾಮಾಗಿ ನಡೆಯುವುದಕ್ಕಿಂತಲೂ ನಿಧಾನ. ಸ್ಕೂಬಾ ಸಾಮಾನು ಹೊತ್ತ, ಚೆನ್ನಾಗಿ ತರಬೇತಿಯಾದ ಡೈವರ್ ಫಿನ್ಸ್ ತೊಟ್ಟು ಎದುರಿಸಿ ಕೆಲಸ ಮಾಡಬಲ್ಲದ್ದು ಸುಮಾರು ಇಷ್ಟೇ ಹರಿವನ್ನು. ಆ ದಿನಗಳಲ್ಲಿ ಗಂಗಾವಳಿಯ ಹರಿವು ಐದು ನಾಟ್‌ಗೂ ಹೆಚ್ಚಿದೆ ಎಂದು ವರದಿಯಾಗುತ್ತಿತ್ತು. ಜೊತೆಗೆ ಕೆಂಪು ಕೆಸರು, ಕೆಳಗೆ ಮಣ್ಣು, ಮರ, ತಂತಿ. ಅಲ್ಲಿ ಫಿನ್ಸ್ ಮುಂದಕ್ಕೆ ತಳ್ಳುವ ಬದಲು ಹರಿವಿಗೆ ಸಿಕ್ಕ ಹಾಯಿಯಂತಾಗುತ್ತದೆ, ಕಾಲನ್ನೇ ಎಳೆದೊಯ್ಯುತ್ತದೆ. ಕೊನೆಗೆ ಮಳೆ ಇಳಿದು, ಗೋವಾದಿಂದ ಹೂಳೆತ್ತುವ ಯಂತ್ರ ಬಂದು, ಸೆಪ್ಟೆಂಬರ್ 25ರಂದು ಲಾರಿಯೂ ಚಾಲಕರ ಶವವೂ ಸಿಕ್ಕವು.

ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಚಿತ್ತಾಕುಲದ ಬುಡದಲ್ಲೇ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕ ಬದುಕಿದರು. ಪೊಲೀಸರು ಮತ್ತು ಸ್ಥಳೀಯ ಮೀನುಗಾರರು ಅವರನ್ನು ದಡ ಸೇರಿಸಿದರು. ಅಲ್ಲಿ ಕೆಲಸಕ್ಕೆ ಬಂದದ್ದು ದೋಣಿ ಮತ್ತು ಕತ್ತಲಲ್ಲೂ ಆ ನೀರಿನ ಗುರುತು ಇದ್ದ ಜನ.

ಈ ಎರಡನ್ನೂ ಇಲ್ಲಿ ಹೇಳಲು ಕಾರಣವಿದೆ. ಸ್ಕೂಬಾ ಕಲಿತು ಬಂದ ಹುಡುಗನನ್ನು ಊರಿನವರು ‘ನಿನ್ನ ಹತ್ತಿರ ಫಿನ್ಸ್, ಮಾಸ್ಕ್ ಎಲ್ಲ ಇದೆಯಲ್ಲ, ಇಳಿದು ನೋಡು ಮಾರಾಯ’ ಎಂದು ತುಂಬಿದ ಹೊಳೆಗೆ ಕಳಿಸುವ ಸಂದರ್ಭ ಬರಬಹುದು. ಇಳಿಯಬಾರದು, ಇಳಿಸಲೂಬಾರದು. ಪ್ರವಾಸಿಗರ ಜೊತೆ ತಿಳಿನೀರಿನಲ್ಲಿ ಇಳಿಯುವ ತರಬೇತಿ ಬೇರೆ, ಹರಿವ ನೀರಿನಲ್ಲಿ ಹುಡುಕುವ ತರಬೇತಿ ಬೇರೆ. 112ಕ್ಕೆ ಕರೆ ಮಾಡಿ, ದಡದಿಂದ ಹಗ್ಗ ಎಸೆಯಿರಿ, ತೇಲುವ ಕ್ಯಾನ್ ಎಸೆಯಿರಿ.

ಕೊಳ್ಳುವಾಗ ನೋಡಬೇಕಾದ್ದು

ಇಷ್ಟು ಚರಿತ್ರೆ ತಿಳಿದ ಮೇಲೆ ಅಂಗಡಿಗೆ ಹೋಗೋಣ.

ಮೊದಲು ಪಾದ, ಆಮೇಲೆ ಅಲಗು. ಅಲಗು ಎಷ್ಟು ಒಳ್ಳೆಯದಿದ್ದರೂ ಪಾದಕ್ಕೆ ಹೊಂದದಿದ್ದರೆ ದಂಡ. ಚಿಕ್ಕಂದಿನಿಂದ ಬರಿಗಾಲಲ್ಲಿ ನಡೆದವರ ಪಾದ ಬೆರಳಿನ ಕಡೆ ಅಗಲ ಇರುತ್ತದೆ. ಗದ್ದೆ, ದೋಣಿ, ಮರಳಿನಲ್ಲಿ ಓಡಾಡಿದ ನಮ್ಮವರ ಕಾಲು ಹಾಗೆಯೇ. ಹೊರದೇಶದ ಅಚ್ಚಿನಲ್ಲಿ ಮಾಡಿದ ಫುಲ್ ಫುಟ್ ಫಿನ್ಸ್ ಉದ್ದದಲ್ಲಿ ಸರಿಯಿದ್ದರೂ ಅಗಲದಲ್ಲಿ ಹಿಸುಕಬಹುದು. ಆದ್ದರಿಂದ ಚಪ್ಪಲಿ ನಂಬರ್ ನೋಡಿ ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಹಾಕಿ ನೋಡಿಯೇ ಕೊಳ್ಳಿ. ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಓಪನ್ ಹೀಲ್ ಆದರೆ ಬೂಟನ್ನು ಮೊದಲು ಕೊಂಡು, ಅದನ್ನು ಹಾಕಿಕೊಂಡೇ ಫಿನ್ಸ್ ನೋಡಿ.

ಹಾಕಿ ಕುಳಿತು ಕಾಲನ್ನು ಗಾಳಿಯಲ್ಲಿ ಅಲ್ಲಾಡಿಸಿ. ಬೆರಳು ಮಡಚಿಕೊಂಡರೆ ಚಿಕ್ಕದಾಯಿತು. ಹಿಮ್ಮಡಿ ಕಳಚಿದರೆ ದೊಡ್ಡದಾಯಿತು. ಹತ್ತು ನಿಮಿಷ ಹಾಗೆಯೇ ಹಾಕಿಕೊಂಡು ಕೂತಿರಿ. ಜೋಮು ಹಿಡಿದರೆ ಬೇಡ. ಬಿಗಿ ಫಿನ್ಸ್ ಸ್ನಾಯು ಸೆಳೆತ ತರುತ್ತದೆ, ಸಡಿಲ ಫಿನ್ಸ್ ಗುಳ್ಳೆ ಎಬ್ಬಿಸುತ್ತದೆ, ನಡುನೀರಿನಲ್ಲಿ ಕಳಚಿಯೂ ಹೋಗುತ್ತದೆ.

ಆಮೇಲೆ ಗಡಸುತನ. ಅಲಗಿನ ತುದಿ ಹಿಡಿದು ಬಗ್ಗಿಸಿ ನೋಡಿ. ಬಲೆ ಎಳೆದು ಗಟ್ಟಿಯಾದ ತೋಳು ಇದೆ ಎಂದು ಗಡಸು ಅಲಗು ಆರಿಸಬೇಡಿ. ಫಿನ್ಸ್ ಕೇಳುವುದು ತೊಡೆ ಮತ್ತು ಮೀನಖಂಡದ ಬಲ. ಹೊಸಬರಿಗೆ, ಹೆಂಗಸರಿಗೆ, ಸಣ್ಣ ಮೈಕಟ್ಟಿನವರಿಗೆ ಮೆದುವಾದ ಅಲಗೇ ಸರಿ. ದಿನವೂ ಇಳಿದು ಕಾಲು ಪಳಗಿದ ಮೇಲೆ ಗಡಸಿನದಕ್ಕೆ ಹೋಗಬಹುದು.

ಆದರೆ ಮೊದಲೇ ಕೊಳ್ಳಬೇಡಿ. ತರಬೇತಿ ಕೊಡುವ ಕಡೆ ಬಾಡಿಗೆ ಫಿನ್ಸ್ ಇರುತ್ತವೆ. ಎರಡು ಮೂರು ಬಗೆ ತೊಟ್ಟು ಇಳಿದು ನೋಡಿ. ನಾವು ಹೊಳೆಯಲ್ಲಿ ಈಜು ಕಲಿತವರು ಮೊಣಕಾಲು ಮಡಚಿ ಸೈಕಲ್ ತುಳಿದಂತೆ ಒದೆಯುತ್ತೇವೆ. ಆ ಒದೆಗೆ ಯಾವ ಫಿನ್ಸೂ ಕೆಲಸ ಮಾಡದು. ತೊಡೆಯ ಮೂಲದಿಂದ ಕಾಲು ನೀಳವಾಗಿಟ್ಟು ಒದೆಯಲು ಕಲಿತ ಮೇಲೇ ಫಿನ್ಸಿನ ಗುಣ ತಿಳಿಯುವುದು.

ನೀರಿನಲ್ಲಿ ಮೀನಖಂಡ ಸೆಳೆದುಕೊಂಡರೆ ಹೆದರಬೇಡಿ. ಒದೆಯುವುದು ನಿಲ್ಲಿಸಿ, ಜೊತೆಗಾರನಿಗೆ ಸನ್ನೆ ಮಾಡಿ. ಫಿನ್ಸಿನ ತುದಿ ಹಿಡಿದು ನಿಮ್ಮ ಕಡೆ ಎಳೆಯುತ್ತ ಮೊಣಕಾಲನ್ನು ನಿಧಾನವಾಗಿ ನೇರ ಮಾಡಿ, ಸೆಳೆತ ಬಿಡುತ್ತದೆ. ದೋಣಿಯಲ್ಲಿ ಫಿನ್ಸ್ ತೊಡುವುದು ಎಲ್ಲಕ್ಕಿಂತ ಕೊನೆಗೆ. ತೊಟ್ಟು ನಡೆಯಲೇಬೇಕಾದರೆ ಹಿಮ್ಮುಖವಾಗಿ ನಡೆಯಿರಿ, ಮುಂದಕ್ಕೆ ನಡೆದರೆ ಮುಗ್ಗರಿಸುವುದು ಖಂಡಿತ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ಅಲಗಿನ ಮೇಲೆ ನಿಲ್ಲಿಸಿದರೆ ಬಾಗಿ ಹಾಗೆಯೇ ಉಳಿಯುತ್ತದೆ, ಮಲಗಿಸಿಡಿ. ಪಟ್ಟಿಯಲ್ಲಿ ಸಣ್ಣ ಬಿರುಕು ಕಂಡರೂ ಬದಲಿಸಿ. ಇಷ್ಟು ನೋಡಿಕೊಂಡರೆ ಒಂದು ಜೊತೆ ಹಲವು ವರ್ಷ ಬಾಳುತ್ತದೆ.

ಕೊನೆಗೆ ನೆನಪಿಡಲು ಮೂರೇ ಪ್ರಶ್ನೆ. ಯಾವ ನೀರು? ಎಂಥ ಪಾದ? ಎಷ್ಟು ಬಲದ ಕಾಲು? ಮೊಬೈಲಿನಲ್ಲಿ ಬೆಲೆ ನೋಡುವ ಮೊದಲು ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ನಿಮ್ಮ ಊರಿನಿಂದ ಯಾರಾದರೂ ಸ್ಕೂಬಾ ಕೆಲಸಕ್ಕೆ ಹೊರಟಿದ್ದರೆ ಅವರಿಗೂ ಇದನ್ನು ಕಳಿಸಿ.